ಕುರಿಮಂದೆಯ ನಾಯಿಯೂ ನೀರುಗುಳ್ಳೆ ರೋಗವೂ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೆಂಗಿನ ತೋಟಗಳಿಗೆ ಕುರಿಗೊಬ್ಬರದಿಂದಾಗುವ ಪ್ರಯೋಜನವು ರೈತರೆಲ್ಲರಿಗೂ ತಿಳಿದಿರುವುದೇ ಆಗಿದೆ. ಚಿಕ್ಕನಾಯಕನಹಳ್ಳಿಯ ಕಂಬಳಿಗೂ ಕುರಿಯೇ ಮೂಲ. ಆದುದರಿಂದ ತೋಟದಲ್ಲಿ ಮಂದೆ ನಿಲ್ಲಿಸುವ ಪದ್ಧತಿಯನ್ನು ಬಿಡಬೇಕೆಂದು ಇಲ್ಲಿ ಹೇಳುತ್ತಿಲ್ಲ. ಮಂದೆಯ ಜತೆಯಲ್ಲಿ ಬರುವ ನಾಯಿಯ ವಿಷಯವಾಗಿ ಮಾತ್ರ ತಿಳಿದಿರಬೇಕಾದ ಸಂಗತಿಯೊಂದುಂಟು.

ಕುರಿ ಮೇಕೆಗಳನ್ನು ಕೊಯ್ದಾಗ ಈಲಿಯಲ್ಲಿಯೂ ಶ್ವಾಸಕೋಶದಲ್ಲಿಯೂ ನೀರು ತುಂಬಿದ ಬಿಳಿಯ ಗುಳ್ಳೆಗಳು ಕೆಲವು ವೇಳೆ ಕಂಡುಬರುತ್ತವೆ. ಇವುಗಳೊಳಗೆ ಒಂದು ಜಾತಿಯ ಲಾಡಿಹುಳುವಿನ ಮರಿಗಳಿರುತ್ತವೆ. ಇಂತಹ ಈಲಿಯನ್ನು ನಾಯಿಯು ಹಸಿಯಾಗಿ ತಿಂದರೆ ಆ ಮರಿಗಳು ಅದರ ಕರುಳಿಗೆ ಕಚ್ಚಿಕೊಂಡು, ಆರೇಳು ವಾರಗಳಲ್ಲಿ ಬಲಿತು ಮೊಟ್ಟೆಯಿಡತೊಡಗುತ್ತವೆ. ಹುಳುವಿನ ಉದ್ದವು ಸಾಮಾನ್ಯವಾಗಿ 3ರಿಂದ 6 ಮಿಲಿಮೀಟರು ಮಾತ್ರ; ಸಾವಿರಾರು ಹುಳುಗಳಿದ್ದರೂ ನಾಯಿಯು ಪುಷ್ಟವಾಗಿಯೇ ಕಾಣುವುದುಂಟು. ಮೊಟ್ಟೆಗಳು ಮಲದೊಡನೆ ಹೊರಬಿದ್ದು ಹುಲ್ಲಿಗೂ, ನೀರಿಗೂ, ನಾಯಿಯ ಕೂದಲಿಗೂ ಸೇರುತ್ತವೆ. ಒಣಬಿಸಿಲಿನಲ್ಲಿ ಇವು ಬೇಗ ಸಾಯುತ್ತವೆ. ನೆರಳೂ ತೇವವೂ ಇರುವ ನೆಲದಲ್ಲಿ ಅನೇಕ ತಿಂಗಳು ಜೀವಿಸಬಲ್ಲವು. ನೀರು ಹಾಯಿಸಿದ ತೆಂಗಿನ ತೋಟವು ಅಂತಹ ನೆಲವೇ ಆಗಿದೆ. ಆ ಹುಲ್ಲನ್ನು ಮೇದ ಕುರಿಗೆ ಪುನಃ ಗುಳ್ಳೆಯಾಗುತ್ತದೆ. ಅದೇ ಮೊಟ್ಟೆಯು ಮನುಷ್ಯನ ಬಾಯಿಗೆ ಹೋದರೆ ಅವನಿಗೂ ಹಾಗೆಯೇ ಆಗುತ್ತದೆ.

ಮಾಂಸ ತಿನ್ನುವವರಿಗೆ ಮಾತ್ರ ಈ ರೋಗವು ಬರುವುದೆಂಬ ನಂಬಿಕೆಯು ಸರಿಯಲ್ಲ. ಮಾಂಸದಲ್ಲಿ ಮೊಟ್ಟೆಗಳಿರುವುದಿಲ್ಲ, ನಾಯಿಯ ಮಲದಲ್ಲಿರುತ್ತವೆ. ಮಾಂಸವನ್ನೇ ಮುಟ್ಟದ ಮನೆಯವರು ತೋಟದ ಬದುವಿನ ಸೊಪ್ಪನ್ನು ಚೆನ್ನಾಗಿ ತೊಳೆಯದೆ ಹಸಿಯಾಗಿ ತಿಂದರೆ, ಅಥವಾ ಮಕ್ಕಳು ನಾಯಿಯನ್ನು ಮುದ್ದಾಡಿ ಅದೇ ಕೈಯಿಂದ ಊಟಮಾಡಿದರೆ ರೋಗಕ್ಕೆ ಈಡಾಗಬಹುದು. ಗುಳ್ಳೆಯು ವರ್ಷಗಟ್ಟಲೆ ನೋವಿಲ್ಲದೆ ಬೆಳೆಯುತ್ತದೆ. ಬಾಲ್ಯದಲ್ಲಿ ತಗುಲಿದ್ದು ನಡುವಯಸ್ಸಿನಲ್ಲಿ ಹೊಟ್ಟೆಯ ಗಡ್ಡೆಯಾಗಿಯೋ ಬಿಡದ ಕೆಮ್ಮಾಗಿಯೋ ಪ್ರಕಟವಾಗಬಹುದು. ಒಳಗೆ ಒಡೆದರೆ ಪ್ರಾಣಾಪಾಯವುಂಟು. ಗಡ್ಡೆಯನ್ನು ತಿಕ್ಕಿಸುವುದು, ಬರೆ ಹಾಕಿಸುವುದು ಸರ್ವಥಾ ಕೂಡದು. ದೊಡ್ಡ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಬೇಕು.

ಕುರಿಸಾಕಣೆಯ ದೇಶವಾದ ಐಸ್‌ಲೆಂಡಿನಲ್ಲಿ ಒಂದು ಕಾಲಕ್ಕೆ ಈ ರೋಗವು ಬಹಳವಾಗಿತ್ತು. 1863ರಲ್ಲಿ ಡೆನ್ಮಾರ್ಕಿನ ಹರಾಲ್ಡ್ ಕ್ರಾಬೆ ಎಂಬ ವಿದ್ವಾಂಸರು ಅಲ್ಲಿಗೆ ಹೋಗಿ ನಾಯಿಗಳನ್ನು ಪರೀಕ್ಷಿಸಿದರು. ಮರುವರ್ಷ ಅವರ ಕಿರುಪುಸ್ತಕವನ್ನು ಮನೆಮನೆಗೂ ಹಂಚಲಾಯಿತು. ಜನರು ಓದಿ, ಹಸಿ ಅಂಗಗಳನ್ನು ನಾಯಿಗೆ ಹಾಕುವುದನ್ನು ಬಿಡುತ್ತ ಬಂದರು. ಈಗಿನ ಔಷಧಗಳಾವುವೂ ಇಲ್ಲದ ಆ ಕಾಲದಲ್ಲಿಯೇ ರೋಗವು ಇಳಿಮುಖವಾಗಿ, ಕಡೆಗೆ ಆ ದ್ವೀಪದಿಂದಲೇ ತೊಲಗಿತು. ಓದುಬರಹದಿಂದ ಇಷ್ಟು ಉಪಕಾರವಾದ ನಿದರ್ಶನಗಳು ಹೆಚ್ಚಿಲ್ಲ.

ನಮ್ಮಲ್ಲಿ ಮುಖ್ಯವಾಗಿ ಗಮನಿಸಬೇಕಾದ ಕಾಲವೆಂದರೆ ಜಾತ್ರೆ ಮತ್ತು ಮಾರಿಹಬ್ಬ. ಒಂದೇ ದಿನ ಹಲವು ಮರಿಗಳನ್ನು ಕೊಯ್ದು, ಗುಳ್ಳೆಯಾದ ಈಲಿಯನ್ನು ಬೇಲಿಯಾಚೆ ಎಸೆದುಬಿಡುತ್ತಾರೆ. ಊರ ನಾಯಿಗಳೆಲ್ಲ ಅಲ್ಲಿ ಸೇರುತ್ತವೆ. ಅದನ್ನು ಆಳವಾದ ಗುಂಡಿಯಲ್ಲಿ ಹೂತು ಮೇಲೆ ಕಲ್ಲು ಹೇರಬೇಕು, ಇಲ್ಲವೆ ಸುಡಬೇಕು. ನಾಯಿಗೆ ಹಾಕಲೇಬೇಕೆಂದಿದ್ದರೆ ಮುಕ್ಕಾಲು ಗಂಟೆ ಕುದಿಸಿ ಹಾಕಬೇಕು. ಮಂದೆಯಲ್ಲಿ ಸತ್ತ ಕುರಿಯನ್ನು ಬಯಲಿನಲ್ಲಿ ಬಿಸಾಡುವುದೂ ಇಷ್ಟೇ ಅಪಾಯಕರ. ಕುರಿಗಳಿಗೆ ವಾಡಿಕೆಯಾಗಿ ಕುಡಿಸುವ ಜಂತಿನ ಔಷಧದಿಂದ ಈ ಗುಳ್ಳೆಯು ಹೋಗುವುದಿಲ್ಲ.

ಮಂದೆಯ ನಾಯಿಗೂ ತೋಟದ ನಾಯಿಗೂ ಪಶುವೈದ್ಯರ ಸಲಹೆಯಂತೆ ಪ್ರಾಜಿಕ್ವಾಂಟೆಲ್ ಮಾತ್ರೆಯನ್ನು ಆರು ವಾರಗಳಿಗೊಮ್ಮೆ ಕೊಡತಕ್ಕದ್ದು. ತೂಕದ ಪ್ರತಿ ಕಿಲೋಗ್ರಾಮಿಗೆ 5 ಮಿಲಿಗ್ರಾಂ ಪ್ರಮಾಣ. ಈ ಔಷಧವು ಹುಳುವನ್ನು ಕೊಲ್ಲುವುದೇ ಹೊರತು ಮೊಟ್ಟೆಯನ್ನಲ್ಲ. ಆದಕಾರಣ ಮಾತ್ರೆ ಕೊಟ್ಟ ಮೇಲೆ ಎರಡು ದಿನ ನಾಯಿಯನ್ನು ಕಟ್ಟಿಹಾಕಿ, ಅದರ ಮಲವನ್ನು ಸಲಿಕೆಯಿಂದ ತೆಗೆದು ಸುಟ್ಟುಬಿಡಬೇಕು.