ಪರ್ವತ ಸೈಕಲ್ ಪಟುವಿನ ದುಡಿಮೆ ಮತ್ತು ದಣಿವು

ಕಲ್ಲು, ಬೇರು, ಕೆಸರುಗಳ ಕಾಡುದಾರಿಯಲ್ಲಿ ಬೆಟ್ಟವನ್ನು ಹತ್ತಿ ಇಳಿಯುವ ಪರ್ವತ ಸೈಕಲ್ ಸ್ಪರ್ಧೆಯು ಒಲಿಂಪಿಕ್ ಕ್ರೀಡೆಗಳಲ್ಲಿ ಮೊದಲು ಸೇರಿದ್ದು 1996ರಲ್ಲಿ, ಅಟ್ಲಾಂಟಾದಲ್ಲಿ. ಅಲ್ಲಿ ಮಹಿಳೆಯರ ವಿಭಾಗದಲ್ಲಿ ನಾಲ್ಕನೆಯವಳಾಗಿ ಬಂದು, ಕೈಗೆಟುಕಿದ್ದ ಪದಕವನ್ನು ಕಳೆದುಕೊಂಡವಳು ನಾರ್ವೆಯ ಗುನ್-ರೀಟಾ ಡಾಲೆ. 1973ರಲ್ಲಿ ಜನಿಸಿದ ಈಕೆ ಸ್ಪರ್ಧಾರಂಗಕ್ಕೆ ಇಳಿದು ಆಗ ಹೆಚ್ಚು ಕಾಲವಾಗಿರಲಿಲ್ಲ.

ಈ ಕ್ರೀಡೆ ಬರೀ ಕಾಲುಗಳ ಕೆಲಸವೆಂದು ತಿಳಿಯುವುದು ತಪ್ಪು. ಏರಿನಲ್ಲಿ ತೊಡೆಯ ಸ್ನಾಯುಗಳೂ ಹೃದಯವೂ ತಮ್ಮ ಶಕ್ತಿಯ ಮೇರೆಯವರೆಗೆ ದುಡಿಯುತ್ತವೆ. ಇಳಿಜಾರಿನಲ್ಲಾದರೂ ಬಿಡುವುಂಟೇ? ಅದೂ ಇಲ್ಲ. ಅದುರುವ ಹಿಡಿಯನ್ನು ಬಿಗಿಹಿಡಿದ ತೋಳು, ಭುಜ, ಬೆನ್ನುಗಳು ರಕ್ತವನ್ನು ಬೇಡುತ್ತಲೇ ಇರುವುದರಿಂದ ನಾಡಿಯ ವೇಗ ಹೆಚ್ಚು ತಗ್ಗುವುದಿಲ್ಲ. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ, ಪಾರ್ನಿಥಾ ಪರ್ವತದ ಧೂಳುದಾರಿಯಲ್ಲಿ, ಡಾಲೆ ಇಂಥ ದುಡಿಮೆಯನ್ನು ಎರಡು ಗಂಟೆಗೆ ತುಸು ಕಡಿಮೆ ಕಾಲ ನಡೆಸಿ ಚಿನ್ನದ ಪದಕ ಗೆದ್ದಳು. 2002ರಲ್ಲಿ ಒಮ್ಮೆ, ಬಳಿಕ 2004ರಿಂದ 2006ರವರೆಗೆ ಸತತವಾಗಿ ಮೂರು ಬಾರಿ ವಿಶ್ವ ಚಾಂಪಿಯನ್ ಆದಳು. ಆ ಮೂರು ವರ್ಷಗಳಲ್ಲಿ ದೀರ್ಘ ದೂರದ ಮ್ಯಾರಥಾನ್ ವಿಶ್ವ ಪ್ರಶಸ್ತಿಯೂ ಆಕೆಯದೇ.

2007ರಲ್ಲಿ ಆ ದೇಹ ಕೈಕೊಟ್ಟಿತು. ಅನಾರೋಗ್ಯ, ಬಳಲಿಕೆಗಳಿಂದ ಆಕೆಯ ಓಟ ಕುಂದಿತು. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಸ್ಪರ್ಧೆಯನ್ನು ಮುಗಿಸಲೂ ಆಗಲಿಲ್ಲ.

ಒಬ್ಬ ಪಟುವಿನ ಕಾಯಿಲೆಯ ಮೂಲವನ್ನು ದೂರದಿಂದ ನಿರ್ಣಯಿಸುವುದು ಸಲ್ಲದು. ಆದರೆ ಇಂಥ ಕ್ರೀಡೆಗಳಲ್ಲಿ ಅತಿಯಾದ ಅಭ್ಯಾಸದಿಂದ ಬರುವ ದಣಿವನ್ನು ವೈದ್ಯಶಾಸ್ತ್ರ ಚೆನ್ನಾಗಿ ಬಲ್ಲದು. ಅಭ್ಯಾಸ ಮಾಡುವಾಗ ಸ್ನಾಯು ಸವೆಯುತ್ತದೆ, ಅದರಲ್ಲಿನ ಶರ್ಕರದ ಸಂಗ್ರಹ ಬರಿದಾಗುತ್ತದೆ. ಬಲ ಕೂಡುವುದು ಅನಂತರದ ಊಟ, ನಿದ್ರೆ, ವಿಶ್ರಾಂತಿಗಳಲ್ಲಿ. ಆ ಬಿಡುವನ್ನು ದೀರ್ಘಕಾಲ ಕೊಡದಿದ್ದರೆ ಎಷ್ಟು ದುಡಿದರೂ ವೇಗ ಇಳಿಯುತ್ತದೆ. ನಿದ್ರೆ ಕೆಡುತ್ತದೆ, ನೆಗಡಿ ಮತ್ತೆ ಮತ್ತೆ ಬರುತ್ತದೆ, ಸಣ್ಣ ಮಾತಿಗೂ ಸಿಡುಕು. ಇದನ್ನು ಖಚಿತವಾಗಿ ತೋರಿಸುವ ಒಂದೇ ಒಂದು ರಕ್ತಪರೀಕ್ಷೆಯಿಲ್ಲ. ರಕ್ತಹೀನತೆ, ಥೈರಾಯ್ಡ್ ದೋಷ, ಸೋಂಕು ಮುಂತಾದವು ಇಲ್ಲವೆಂದು ಮೊದಲು ನೋಡಿಕೊಳ್ಳಬೇಕು. ಚೇತರಿಕೆಗೆ ವಾರಗಳಲ್ಲ, ಕೆಲವೊಮ್ಮೆ ತಿಂಗಳುಗಳೇ ಬೇಕು. ಗೆಲುವಿಗೆ ಒಗ್ಗಿದವರಿಗೆ ಆ ಕಾಯುವಿಕೆಯೇ ಎಲ್ಲಕ್ಕಿಂತ ಕಠಿನ. ಸೋತೊಡನೆ ಅಭ್ಯಾಸವನ್ನು ಇಮ್ಮಡಿಸುವವರೇ ಹೆಚ್ಚು.

ಡಾಲೆ 2009ರ ಮಾರ್ಚ್‌ನಲ್ಲಿ ಗಂಡುಮಗುವಿನ ತಾಯಿಯಾದಳು. ಆಕೆಯ ಸ್ಪರ್ಧಾಜೀವನ ಮುಗಿಯಿತೆಂದು ಎಣಿಸುವುದು ಸಹಜವಾಗಿತ್ತು. ಆದರೆ 2013ರಲ್ಲಿ, ನಲವತ್ತರ ವಯಸ್ಸಿನಲ್ಲಿ, ಮ್ಯಾರಥಾನ್ ವಿಶ್ವ ಪ್ರಶಸ್ತಿಯನ್ನು ಮತ್ತೆ ಪಡೆದಳು. ನಡುವೆ 2012ರ ಲಂಡನ್ ಒಲಿಂಪಿಕ್ಸ್‌ನ ಸ್ಪರ್ಧೆ ಅರ್ಧಕ್ಕೇ ನಿಂತಿತ್ತು. 2016ರಲ್ಲಿ ರಿಯೋ ನಗರದಲ್ಲಿ, ತನಗಿಂತ ಹತ್ತು ಹದಿನೈದು ವರ್ಷ ಕಿರಿಯರ ನಡುವೆ, ನಲವತ್ತಮೂರರ ಆಕೆ ಹತ್ತನೆಯವಳಾಗಿ ಗುರಿ ಮುಟ್ಟಿದಳು. ಸ್ಪರ್ಧೆಗಳಿಗೆ ವಿದಾಯ ಹೇಳಿದ್ದು 2018ರಲ್ಲಿ.