ಉದರವ್ಯಾಧಿಯಲ್ಲಿ ವ್ರತಿಕನ ಔಷಧವಿವೇಕ

ಆಹಾರ, ಔಷಧ, ಶಾಸ್ತ್ರ, ಅಭಯವೆಂಬ ಚತುರ್ವಿಧ ದಾನಗಳಲ್ಲಿ ಔಷಧಕ್ಕೂ ಸ್ಥಾನವಿದೆ. ಆದುದರಿಂದ ರೋಗಕ್ಕೆ ಚಿಕಿತ್ಸೆ ಪಡೆಯುವುದು ಧರ್ಮವಿರುದ್ಧವಲ್ಲ. ಆದರೆ ಔಷಧದಲ್ಲಿ ಏನಿದೆಯೆಂಬುದನ್ನು ಅರಿತು ಸೇವಿಸುವುದು ಶ್ರಾವಕನ ಕರ್ತವ್ಯ. ಒಂಬತ್ತನೆಯ ಶತಮಾನದವರೆಂದು ಹೇಳಲಾಗುವ ಉಗ್ರಾದಿತ್ಯಾಚಾರ್ಯರು ತಮ್ಮ ‘ಕಲ್ಯಾಣಕಾರಕ’ವೆಂಬ ಸಂಸ್ಕೃತ ವೈದ್ಯಗ್ರಂಥದಲ್ಲಿ ಮದ್ಯ, ಮಾಂಸ, ಮಧುಗಳನ್ನು ವರ್ಜಿಸಿಯೇ ಚಿಕಿತ್ಸೆಯನ್ನು ನಿರೂಪಿಸಿ ಈ ಮಾರ್ಗವನ್ನು ತೋರಿದ್ದಾರೆ.

ಉಪವಾಸ, ಏಕಾಶನಗಳ ದಿನಗಳಲ್ಲಿ ಮಲಬದ್ಧತೆ, ಹೊಟ್ಟೆಯುಬ್ಬರ, ಆಮ್ಲಪಿತ್ತಗಳು ತೋರಿದಾಗ ಮನೆಮದ್ದನ್ನೋ ಆಯುರ್ವೇದವನ್ನೋ ಆಶ್ರಯಿಸುವುದು ರೂಢಿ. ಗಿಡಮೂಲಿಕೆಯದೆಂಬ ಮಾತ್ರಕ್ಕೆ ಔಷಧವು ವ್ರತಕ್ಕೆ ಯೋಗ್ಯವೆಂದಾಗಲಿ, ದೇಹಕ್ಕೆ ನಿರಪಾಯವೆಂದಾಗಲಿ ಭಾವಿಸಲಾಗದು. ಮಲಬದ್ಧತೆಗೆ ಕೊಡುವ ಅಭಯಾರಿಷ್ಟವೇ ಮೊದಲಾದ ಆಸವಾರಿಷ್ಟಗಳು ಹುಳಿಯಿಸಿ ಸಿದ್ಧಪಡಿಸಿದವು. ಅವುಗಳಲ್ಲಿ ಮದ್ಯಾಂಶವು ತಾನಾಗಿ ಹುಟ್ಟುತ್ತದೆ. ಅನೇಕ ಚೂರ್ಣಗಳಿಗೆ ಜೇನು ಅನುಪಾನ. ಆಧುನಿಕ ಔಷಧಗಳ ಕ್ಯಾಪ್ಸೂಲಿನ ಕವಚವೂ ಬಹುಮಟ್ಟಿಗೆ ಪ್ರಾಣಿಜನ್ಯ ಜಿಲೆಟಿನ್ನಿನದು. ವ್ರತವನ್ನು ಮೊದಲೇ ತಿಳಿಸಿದರೆ ವೈದ್ಯರು ಬೇರೆ ಕಲ್ಪವನ್ನು, ಬೇರೆ ಅನುಪಾನವನ್ನು ಅಥವಾ ಮಾತ್ರೆಯನ್ನು ಸೂಚಿಸಬಲ್ಲರು. ಹಗಲಿನಲ್ಲಿಯೇ ಸೇವಿಸುವಂತೆ ಹೊತ್ತನ್ನು ಹೊಂದಿಸುವುದೂ ಹಲವು ವೇಳೆ ಸಾಧ್ಯ.

ಇಸಬಗೋಲಿನ ಹೊಟ್ಟು ಮಲಬದ್ಧತೆಗೆ ಉಪಯುಕ್ತ. ಆದರೆ ಅದು ನೀರನ್ನು ಹೀರಿ ಉಬ್ಬುವ ವಸ್ತು. ಸಾಕಷ್ಟು ನೀರಿಲ್ಲದೆ ನುಂಗಿದರೆ ಅನ್ನನಾಳದಲ್ಲಿಯೇ ಸಿಕ್ಕಿಕೊಳ್ಳಬಹುದು. ಆದಕಾರಣ ನಿರ್ಜಲ ಉಪವಾಸದಂದು ಅದು ವರ್ಜ್ಯ. ಏಕಾಶನದವರು ಧಾರಾಳವಾಗಿ ನೀರು ಕುಡಿಯುವ ಹೊತ್ತಿನಲ್ಲಿ ಮಾತ್ರ ಸೇವಿಸಬೇಕು.

ಪದೇಪದೇ ಬರುವ ಹೊಟ್ಟೆನೋವನ್ನು ಉಪವಾಸದ ಪಿತ್ತವೆಂದೆಣಿಸಿ ವರ್ಷಗಟ್ಟಲೆ ಕಷಾಯದಲ್ಲಿಯೇ ಕಳೆಯುವುದು ಅಪಾಯಕರ. ಜಠರದ ಹುಣ್ಣಿಗೆ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ರೋಗಾಣು ಮುಖ್ಯ ಕಾರಣಗಳಲ್ಲೊಂದು. ಆಸ್ಟ್ರೇಲಿಯದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರನ್ 1982ರಲ್ಲಿ ಅದನ್ನು ಕಂಡುಹಿಡಿದರು. 2005ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಈ ರೋಗಾಣುವಿನ ನಿವಾರಣೆಗೆ ಪರೀಕ್ಷೆಯೂ ಜೀವಿರೋಧಕ ಔಷಧಗಳೂ ಬೇಕು, ಮನೆಮದ್ದು ಸಾಲದು. ಕೀಲುನೋವಿನ ಕೆಲವು ಮಾತ್ರೆಗಳಿಂದಲೂ ಹುಣ್ಣಾಗುವುದುಂಟು. ಮಲವು ಡಾಂಬರಿನಂತೆ ಕಪ್ಪಾಗುವುದು, ರಕ್ತವಾಂತಿ, ನುಂಗಲು ತೊಡಕು, ಕಾರಣವಿಲ್ಲದೆ ತೂಕ ಇಳಿಯುವುದು — ಇವುಗಳಲ್ಲಿ ಒಂದು ಕಂಡರೂ ಪಾರಣೆಯವರೆಗೆ ಕಾಯದೆ ವೈದ್ಯರಲ್ಲಿಗೆ ಹೋಗಬೇಕು. ಅದುವರೆಗೆ ಸೇವಿಸಿದ ಚೂರ್ಣ, ಕಷಾಯ, ಭಸ್ಮಗಳನ್ನೂ ಮರೆಮಾಚದೆ ಅವರಿಗೆ ಹೇಳಬೇಕು.

ಷೋಡಶಕಾರಣ ಭಾವನೆಗಳಲ್ಲಿ ತಪಸ್ಸನ್ನು ಶಕ್ತಿಗೆ ತಕ್ಕಂತೆ ಆಚರಿಸಬೇಕೆಂದೇ ಹೇಳಿದೆ. ರೋಗವನ್ನು ಬಚ್ಚಿಟ್ಟು ಉಪವಾಸದ ಸಂಖ್ಯೆಯನ್ನು ಹೆಚ್ಚಿಸುವುದು ತಪಸ್ಸಲ್ಲ. ಮನೆಯ ಹಿರಿಯರು ನೋಂಪಿಯನ್ನು ಕೈಗೊಳ್ಳುವ ಮುನ್ನ ಅವರ ಆರೋಗ್ಯವನ್ನು ವಿಚಾರಿಸುವುದೂ, ಯೋಗ್ಯವಾದ ಔಷಧವನ್ನು ಒದಗಿಸುವುದೂ ಮನೆಯವರಿಗೆ ದೊರೆಯುವ ಔಷಧದಾನದ ಪುಣ್ಯಾವಕಾಶವೇ ಸರಿ.