ಉಪಗ್ರಹ ಅಳೆಯುವ ನೆಲದ ಕಾವು

ಬೇಸಿಗೆಯ ಮಧ್ಯಾಹ್ನ ಬಸವಕಲ್ಯಾಣ, ಹುಮನಾಬಾದ ಭಾಗದ ಬರಿದಾದ ಕಪ್ಪು ಭೂಮಿಯ ಮೇಲೆ ಬರಿಗಾಲಿನಲ್ಲಿ ನಿಲ್ಲುವುದು ಕಷ್ಟ. ಅದೇ ಹೊತ್ತಿನಲ್ಲಿ ನೀರುಂಡ ಕಬ್ಬಿನ ಹೊಲ ತಂಪಾಗಿರುತ್ತದೆ. ಎಲೆಗಳಿಂದ ನೀರು ಆವಿಯಾಗುವಾಗ ಶಾಖವನ್ನು ಹೀರಿಕೊಳ್ಳುವುದೇ ಇದಕ್ಕೆ ಕಾರಣ. ಈ ವ್ಯತ್ಯಾಸವನ್ನು ಉಪಗ್ರಹಗಳಿಂದ ಅಳೆಯಬಹುದು. ಆದರೆ ಅದರ ನಕ್ಷೆಯನ್ನು ಓದುವ ಕ್ರಮ ತಿಳಿದಿರಬೇಕು.

ಅಳೆಯುವ ವಿಧಾನ

ನೆಲ, ಬೆಳೆ, ನೀರು ಎಲ್ಲವೂ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಹೊರಸೂಸುತ್ತವೆ. 2016ರಲ್ಲಿ ಹಾರಿಸಿದ ಇನ್ಸಾಟ್-3ಡಿಆರ್ ಉಪಗ್ರಹವು ಸುಮಾರು 36,000 ಕಿ.ಮೀ. ಎತ್ತರದಿಂದ ಇವುಗಳನ್ನು ಗ್ರಹಿಸುತ್ತದೆ. ಲೆಕ್ಕದ ಹಂತಗಳು ಹೀಗಿವೆ:

1. ಮೋಡ ಕವಿದ ಭಾಗವನ್ನು ಬಿಡಬೇಕು. ಅಲ್ಲಿ ದೊರೆಯುವುದು ಮೋಡದ ಉಷ್ಣಾಂಶ, ನೆಲದ್ದಲ್ಲ.
2. ಗಾಳಿಯ ತೇವಾಂಶ ಕೆಲವು ಕಿರಣಗಳನ್ನು ಹೀರುತ್ತದೆ. ಎರಡು ಬೇರೆ ಬೇರೆ ತರಂಗಪಟ್ಟಿಗಳ ಅಳತೆಯನ್ನು ಹೋಲಿಸಿ ಈ ಕೊರತೆಯನ್ನು ಸರಿಪಡಿಸಲಾಗುತ್ತದೆ.
3. ಮೇಲ್ಮೈ ಕಿರಣ ಸೂಸುವ ಶಕ್ತಿಯನ್ನು, ಅಂದರೆ ಉತ್ಸರ್ಜನಾಂಕವನ್ನು, ಸೇರಿಸಬೇಕು. ಒಣ ಮಣ್ಣಿಗೆ ಸುಮಾರು 0.95, ದಟ್ಟ ಬೆಳೆಗೆ 0.98.

ಉದಾಹರಣೆ

ಸೆಲ್ಸಿಯಸ್ ಉಷ್ಣಾಂಶಕ್ಕೆ 273 ಕೂಡಿಸಿ 100ರಿಂದ ಭಾಗಿಸಬೇಕು. ಬಂದ ಸಂಖ್ಯೆಯನ್ನು ಅದರಿಂದಲೇ ಗುಣಿಸುತ್ತ ನಾಲ್ಕನೆಯ ಘಾತಕ್ಕೆ ಏರಿಸಿ, 5.67ರಿಂದಲೂ ಉತ್ಸರ್ಜನಾಂಕದಿಂದಲೂ ಗುಣಿಸಬೇಕು. 50 ಡಿಗ್ರಿ ಕಾದ ಒಣ ಮಣ್ಣು ಚದರ ಮೀಟರಿಗೆ ಸುಮಾರು 586 ವ್ಯಾಟ್ ಶಾಖ ಹೊರಸೂಸಿದರೆ, 32 ಡಿಗ್ರಿಯ ಹಸಿರು ಬೆಳೆ ಸೂಸುವುದು ಸುಮಾರು 481 ವ್ಯಾಟ್.

ಗಮನಿಸಬೇಕಾದ ಅಂಶಗಳು

ಇನ್ಸಾಟಿನ ಅವಕೆಂಪು ಚಿತ್ರದ ಒಂದು ಚೌಕ ಸುಮಾರು 4 ಕಿ.ಮೀ. ಉದ್ದ, 4 ಕಿ.ಮೀ. ಅಗಲ, ಎಂದರೆ ಸುಮಾರು 4,000 ಎಕರೆ. ಇದರಲ್ಲಿ ಹೊಲ, ಊರು, ರಸ್ತೆ, ಕೆರೆ ಎಲ್ಲವೂ ಬೆರೆತಿರುತ್ತವೆ. ಲ್ಯಾಂಡ್‌ಸ್ಯಾಟ್ 8 ಮತ್ತು 9 ಉಪಗ್ರಹಗಳ ಚೌಕ ಸುಮಾರು ಎರಡೂವರೆ ಎಕರೆಯಷ್ಟು ಚಿಕ್ಕದು. ಆದರೆ ಎರಡೂ ಸೇರಿ ಅದೇ ಜಾಗದ ಮೇಲೆ ಹಾಯುವುದು ಎಂಟು ದಿನಕ್ಕೊಮ್ಮೆ.

ಕಾವು ಹೆಚ್ಚಿದ ಮಾತ್ರಕ್ಕೆ ಬೆಳೆ ಬಾಡಿದೆ ಎನ್ನಲಾಗದು. ಸೋಯಾ ಅವರೆ ಕೊಯ್ಲಾದ ಮೇಲೆ ತೊಗರಿ ಸಾಲುಗಳ ನಡುವಿನ ನೆಲ ತೆರೆದುಕೊಳ್ಳುತ್ತದೆ. ಆಗ ತೊಗರಿ ಚೆನ್ನಾಗಿದ್ದರೂ ನಕ್ಷೆಯಲ್ಲಿ ಕಾವು ಏರುತ್ತದೆ.

ರೈತರು ಮಾಡಬೇಕಾದುದು

ಬಾವಿಯಲ್ಲಿ ಒಂದೇ ಸಲಕ್ಕೆ ಸಾಲುವಷ್ಟು ನೀರಿದ್ದಾಗ ನಕ್ಷೆಯೊಂದನ್ನೇ ನಂಬಿ ಹಾಯಿಸಬಾರದು. ನಕ್ಷೆ ಕಾವು ತೋರಿಸಿದಾಗ ಹೊಲಕ್ಕೆ ಹೋಗಿ, ಬೇರಿನ ಆಳದ ಮಣ್ಣನ್ನು ತೆಗೆದು ಮುಷ್ಟಿಯಲ್ಲಿ ಒತ್ತಿ ನೋಡಬೇಕು. ಕಪ್ಪು ಮಣ್ಣು ಉಂಡೆ ಕಟ್ಟದೆ ಪುಡಿಯಾದರೆ, ಹೂ ಬಿಡುವ ಅಥವಾ ಕಾಯಿ ಕಟ್ಟುವ ಹಂತದಲ್ಲಿರುವ ಹೊಲಕ್ಕೆ ಮೊದಲು ನೀರು ಕೊಡುವುದು ಲೇಸು.